ನೀಲಿ ಬಳಿದ ಬುಡ

“ಸಾವು ಶುರುವಾಗಿದ್ದು ಇಲ್ಲಿಂದ ಅಲ್ಲ,” ಎಂದರು ಗಿಡದಮ್ಮ, ಮಂಡಿಯೂರಿ ಕೂತಲ್ಲಿಂದಲೇ. “ಇಲ್ಲಿಗೆ ಬಂದು ತಲುಪಿದೆ, ಅಷ್ಟೇ. ಶುರುವಾಗಿದ್ದು ಮೇಲೆಲ್ಲೋ.”

ಇನ್ಸ್‌ಪೆಕ್ಟರ್ ದಿಬ್ಬದ ಕಡೆ ನೋಡಿದಳು. ನದಿಯಂಚಿನಿಂದ ನರ್ಸರಿಯ ಬೇಲಿಯವರೆಗೂ ಬೆಳ್ಳಿಗಿಡದ ಪೊದೆ, ಎದೆಮಟ್ಟ, ಒತ್ತೊತ್ತಾಗಿ. ಬಿಸಿಲಿಗೆ ಎಲೆಗಳು ಎರಡೂ ಮಗ್ಗುಲಲ್ಲಿ ಹೊಸ ತಗಡಿನಂತೆ ಹೊಳೆಯುತ್ತಿದ್ದವು. ಹೂವಿನ ವಾಸನೆ ಗಂಟಲಿಗೇ ಇಳಿಯುವಷ್ಟು ದಟ್ಟ. ಆ ಹೊಳಪಿನ ನಡುವೆ, ಯಾರೋ ಬೂದಿ ಮೆತ್ತಿದ ಬೆರಳಲ್ಲಿ ಗೆರೆ ಎಳೆದ ಹಾಗೆ, ಒಣಗಿದ ಪಟ್ಟಿಯೊಂದು ಕೆಳಗಿನಿಂದ ಮೇಲಕ್ಕೆ ಹೋಗಿತ್ತು.

“ರೋಗ ಇರಬಹುದಲ್ಲ?”

“ರೋಗ ಬಂದ್ರೆ ಅಲ್ಲೊಂದು ಇಲ್ಲೊಂದು ಒಣಗುತ್ತೆ. ಇದನ್ನ ನೋಡಿ.” ಗಿಡದಮ್ಮ ಒಂದು ಚಿಗುರು ಮುರಿದು ಅಂಗೈಯಲ್ಲಿಟ್ಟರು. ಎಲೆಗಳು ಉಗುರಿಗಿಂತ ಚಿಕ್ಕವು, ಹಳದಿ, ಮುದುಡಿ ಸುರುಳಿ ಸುತ್ತಿಕೊಂಡಿದ್ದವು. “ಇದು ವಿಷ. ನಮ್ಮದೇ ವಿಷ. ನಾವು ಬಂದದ್ದಕ್ಕೆ ಬಳಿಯೋದು.”

ಬಂದದ್ದು, ಇದ್ದದ್ದು. ನದೀದಡದ ಕೆಲಸದವರ ಬಾಯಲ್ಲಿ ಬೆಳ್ಳಿಗಿಡದ ಎರಡು ಜಾತಿಗೆ ಇದ್ದ ಹೆಸರು ಇವೆರಡೇ. ಬಂದದ್ದು ಎಂದರೆ ಅಜ್ಜಂದಿರ ಕಾಲದಲ್ಲಿ ಗಾಳಿ ತಡೆಯಲೆಂದು ದೂರದಿಂದ ತಂದು ನೆಟ್ಟ ಜಾತಿ. ಆಳೆತ್ತರ ಮೀರಿ ಮರವಾಗುವಂಥದ್ದು, ಮೈತುಂಬ ಮುಳ್ಳು, ಆಲಿವ್ ಮರದ್ದಂಥ ಸಪೂರ ಎಲೆ, ಆಲಿವ್‌ನಂಥದೇ ಒಣಕಲು ಕಾಯಿ. ಹಕ್ಕಿಗಳು ಕಾಯಿ ತಿಂದು ಬೀಜ ಉದುರಿಸಿದಲ್ಲೆಲ್ಲ ಎದ್ದು, ನದಿಯ ಎರಡೂ ದಡಗಳನ್ನು ನುಂಗಿಬಿಟ್ಟಿತ್ತು. ಇದ್ದದ್ದು ಎಂದರೆ ಈ ನೆಲದ್ದೇ ಕುಳ್ಳ ಪೊದೆ. ಮುಳ್ಳಿಲ್ಲ. ಬೀಜಕ್ಕಿಂತ ಹೆಚ್ಚಾಗಿ ಬೇರಿನಿಂದಲೇ ಹಬ್ಬುತ್ತದೆ.

ಮೊದಲನೆಯದನ್ನು ಕಡಿದು ಎರಡನೆಯದನ್ನು ನೆಡುವುದು ಗಿಡದಮ್ಮನ ತಂಡದ ಕೆಲಸ. ಅವರು ಸಸ್ಯ ವಿಜ್ಞಾನಿ. ಆದರೆ ಆ ಹೆಸರಿನಲ್ಲಿ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನೆಡಲು ಸಸಿ ಬೆಳೆಸಿಕೊಡುತ್ತಿದ್ದವಳು ಮೇಲಿನ ನರ್ಸರಿಯಾಕೆ. ಕಳೆದ ವರ್ಷ ಎಲೆ ಉದುರುವ ಕಾಲದಲ್ಲಿ ಒಂದು ಸಂಜೆ ಕಾಣೆಯಾದವಳು ಅವಳೇ.

“ಬಂದದ್ದನ್ನ ಸುಮ್ಮನೆ ಕಡಿದ್ರೆ ಒಂದಕ್ಕೆ ಹತ್ತು ಚಿಗುರುತ್ತೆ,” ಎಂದರು ಗಿಡದಮ್ಮ. “ಅದಕ್ಕೇ ಕಡಿದ ತಕ್ಷಣ, ಬುಡ ಹಸಿಯಾಗಿರುವಾಗಲೇ ವಿಷ ಬಳೀಬೇಕು. ಯಾವುದಕ್ಕೆ ಆಯ್ತು, ಯಾವುದಕ್ಕೆ ಬಿಟ್ಟೋಯ್ತು ಅಂತ ಕಾಣಲಿ ಅಂತ ನೀಲಿ ಬಣ್ಣ ಬೆರೆಸಿರ್ತೀವಿ. ಅದು ಒಂಟಿ ಗಿಡ, ಬಳಿದದ್ದು ಅಲ್ಲೇ ಸಾಯುತ್ತೆ. ಇದು ಹಾಗಲ್ಲ ಮೇಡಂ. ನೀವು ನೋಡ್ತಿರೋದು ನೂರಾರು ಗಿಡ ಅಲ್ಲ, ಒಂದೇ ಗಿಡ. ಕೆಳಗೆ ಬೇರು ಒಂದೇ. ಎಲ್ಲೋ ಒಂದು ಬುಡಕ್ಕೆ ಯಾರೋ ಬಳಿದಿದ್ದಾರೆ. ಅದು ಬೇರು ಹಿಡಿದು ಇಲ್ಲೀತನಕ ಇಳಿದಿದೆ.”

“ನಿಮ್ಮ ಜನ ಅಪ್ಪಿತಪ್ಪಿ ಕಡಿದಿರಬಹುದಾ?”

“ಇದನ್ನ ಕಡಿದ್ರೆ ನಾನು ಅವರನ್ನ ಕಡೀತೀನಿ ಅಂತ ಅವರಿಗೆ ಗೊತ್ತು.” ಅವರು ನಗಲಿಲ್ಲ.

ಹಿಂದೆ ನಿಂತಿದ್ದ ದಫೇದಾರ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ನಿವೃತ್ತಿಗೆ ಹತ್ತಿರವಿದ್ದ ದುಂಡಗಿನ ಮನುಷ್ಯ, ಯಾರ ಮೇಲೂ ದನಿ ಎತ್ತರಿಸದವನು. “ಒಂದು ಗಿಡ ಒಣಗಿದ್ದಕ್ಕೆ ಬೆಳಿಗ್ಗೆಯಿಂದ ಬಿಸಿಲಲ್ಲಿ ಬೇಯ್ತಿದ್ದೀವಿ ಮೇಡಂ. ಮಾಡಿದೋನು ಒಳಗಿದ್ದಾನೆ. ನಾಳೆ ಆರೋಪಪಟ್ಟಿ ಹಾಕಿದ್ರೆ ಮುಗೀತು. ಹೆಂಡ್ತಿ ಕಾಣೆಯಾದ್ರೆ ಗಂಡನ್ನ ಬಿಟ್ಟು ಇನ್ಯಾರು?”

ಒಳಗಿದ್ದವನು ನರ್ಸರಿಯಾಕೆಯ ಗಂಡ, ಬಸ್ ಚಾಲಕ. ಗಂಡ ಹೆಂಡತಿ ಜಗಳವಾಡಿದ್ದನ್ನು ಕೇಳಿದವರಿದ್ದರು. ಆ ಸಂಜೆ ಎಲ್ಲಿದ್ದೆ ಎಂದರೆ ಅವನ ಹತ್ತಿರ ನೆಟ್ಟಗೆ ಉತ್ತರವಿರಲಿಲ್ಲ. ದಫೇದಾರನಿಗೆ ಅಷ್ಟು ಸಾಕಾಗಿತ್ತು. ಇನ್ಸ್‌ಪೆಕ್ಟರಿಗೆ ಸಾಕಾಗಿರಲಿಲ್ಲ. ಅವನ ಒಬ್ಬಳೇ ಮಗಳು ಈಗ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಮ್ಮ ಇಲ್ಲ. ನಾಳೆ ಅಪ್ಪನೂ ಹೋದರೆ, ಆ ಹೋಗುವುದು ತಪ್ಪಾಗಿದ್ದರೆ, ಆ ತಪ್ಪನ್ನು ಬದುಕಿಡೀ ಹೊರುವವಳು ಆ ಹುಡುಗಿ.

“ಮೇಲಕ್ಕೆ ಹೋಗೋಣ,” ಎಂದಳು.

ಏರುತ್ತ ಹೋದ ಹಾಗೆ ಸಾವು ಹಳೆಯದಾಗುತ್ತ ಹೋಯಿತು. ಕೆಳಗೆ ಹಳದಿ ಎಲೆಯಾದರೂ ಇತ್ತು. ಮೇಲೆ ಬರೀ ಕಡ್ಡಿ. ಮುಟ್ಟಿದರೆ ಪಟ್ಟೆಂದು ಮುರಿಯುತ್ತಿತ್ತು. ಅಕ್ಕಪಕ್ಕದ ಪೊದೆಗಳು ಮಾತ್ರ ಹೂ ತುಂಬಿ ನಿಂತಿದ್ದವು. ಸತ್ತವರ ಮನೆಯ ಗೋಡೆಯಾಚೆ ಯಾರೋ ಜೋರಾಗಿ ನಗುತ್ತಿರುವ ಹಾಗೆ ಆ ವಾಸನೆ.

ಪಟ್ಟಿ ಮುಗಿದದ್ದು ನರ್ಸರಿಯ ಬೇಲಿಗೆ ಹತ್ತಿರ, ಮರದ ಚಕ್ಕೆಗಳ ದೊಡ್ಡ ರಾಶಿಯ ಕೆಳಗೆ.

“ಇದನ್ನ ಇಲ್ಲಿ ಯಾರು ಸುರಿದರು?”

“ನಾನಂತೂ ಹೇಳಿಲ್ಲ,” ಎಂದರು ಗಿಡದಮ್ಮ. “ಚಳಿಗಾಲದಲ್ಲಿ ಒಂದು ದಿನ ನೋಡಿದ್ರೆ ಇತ್ತು. ನರ್ಸರಿಗೆ ಯಾರೋ ತರಿಸಿದ್ದಿರಬೇಕು ಅಂದ್ಕೊಂಡೆ. ಆಗ ಕೇಳೋಕೆ ಅವಳೇ ಇರಲಿಲ್ಲವಲ್ಲ.”

ಇಬ್ಬರು ಪೇದೆಗಳು ಚಕ್ಕೆ ಸರಿಸಿದರು. ಕೆಳಗೆ ಕಂದು ಬಣ್ಣಕ್ಕೆ ತಿರುಗಿದ ಎಲೆಗಳು. ಅದರ ಕೆಳಗೆ ಎರಡು ಬುಡಗಳು, ನೆಲಕ್ಕೆ ಸಮವಾಗಿ ಕಡಿದವು. ಎರಡರ ಮೇಲೂ ಬಟ್ಟೆಗೆ ಹಾಕುವ ನೀಲಿಯಂಥ ಬಣ್ಣ. ಅಂಚು ಬಿಡದೆ, ಅಚ್ಚುಕಟ್ಟಾಗಿ, ಮಗುವಿನ ಹಣೆಗೆ ಔಷಧ ಹಚ್ಚಿದಷ್ಟು ಜೋಪಾನವಾಗಿ ಬಳಿದಿತ್ತು. ಬುಡಗಳ ನಡುವೆ ನೆಲ ಸ್ವಲ್ಪ ಕುಸಿದಿತ್ತು. ಒಬ್ಬ ಮನುಷ್ಯನ ಉದ್ದಕ್ಕೆ.

ಗಿಡದಮ್ಮ ಬುಡವನ್ನು ಮುಟ್ಟಿದರು. “ಇದು ತಾಯಿಗಿಡ. ಇದರಿಂದಲೇ ಅವಳು ಬೇರುತುಂಡು ತೆಗೆದು ಸಸಿ ಮಾಡ್ತಿದ್ದಳು.”

ಇನ್ಸ್‌ಪೆಕ್ಟರ್ ಕುಸಿದ ನೆಲವನ್ನೇ ನೋಡುತ್ತ ನಿಂತಳು. ಬಚ್ಚಿಡಲು ಬಂದವರು ಜಾಗ ಚೆನ್ನಾಗಿಯೇ ಆರಿಸಿದ್ದರು. ಯಾರೂ ಕಡಿಯಬಾರದು ಎಂದು ಕಟ್ಟುನಿಟ್ಟು ಮಾಡಿದ ಪೊದೆಯೊಳಗೆ ಯಾರು ಕಾಲಿಡುತ್ತಾರೆ? ಗುಂಡಿಗೆ ಅಡ್ಡ ಬಂದ ಎರಡು ಗಿಡ ಕಡಿದರು. ಹಾಗೇ ಬಿಟ್ಟು ಹೋಗಿದ್ದರೆ ಬೇಸಿಗೆಗೆ ಗಿಡ ತಾನೇ ಚಿಗುರಿ ಗುಂಡಿಯನ್ನು ಮುಚ್ಚುತ್ತಿತ್ತು. ಹೊರಗಿನವರು ಹಾಗೇ ಬಿಡುತ್ತಿದ್ದರು. ಇವರು ಬಳಿದರು. ಬಳಿಯಬೇಕೆಂದಲ್ಲ, ಹಸಿ ಬುಡ ಕಂಡರೆ ಸುಮ್ಮನಿರಲು ಆ ಕೈಗೆ ಬರುತ್ತಿರಲಿಲ್ಲ.

“ಬಸ್ ಓಡಿಸೋನಿಗೆ ಈ ಕೈ ಎಲ್ಲಿಂದ ಬಂತು?” ಎಂದು ಕೇಳಿದಳು.

“ಹೆಂಡ್ತಿ ಹೇಳಿಕೊಟ್ಟಿರ್ತಾಳೆ,” ಎಂದ ದಫೇದಾರ. ಟೋಪಿಯ ಗಾಳಿ ನಿಂತಿತ್ತು.

“ಅಗೆಯೋಕೆ ಶುರು ಮಾಡಿ. ನಿಧಾನವಾಗಿ. ಗಿಡದಮ್ಮ ನಿಂತು ನೋಡ್ತಾರೆ. ನಾನು ಸಲಕರಣೆ ಕೊಠಡಿಗೆ ಹೋಗಿ ಬರ್ತೀನಿ.”

*

ಸಲಕರಣೆ ಕೊಠಡಿಯಲ್ಲಿ ಗರಗಸದವನು ಚೈನಿಗೆ ಎಣ್ಣೆ ಬಿಡುತ್ತಿದ್ದ. ತಂಡದವರು ಅವನಿಗೆ ಇಟ್ಟ ಹೆಸರು ರೇಡಿಯೋ. ಗರಗಸ ಆನ್ ಆದಾಗ ಮಾತ್ರ ಅವನ ಬಾಯಿ ಆಫ್ ಆಗುತ್ತದೆಂದು.

“ಬನ್ನಿ ಮೇಡಂ, ಕೂತ್ಕೊಳ್ಳಿ ಅನ್ನೋಣ ಅಂದ್ರೆ ಕುರ್ಚಿ ಇಲ್ಲ. ಇದ್ದ ಒಂದು ಕುರ್ಚಿ ನಾನೇ ಮುರಿದೆ. ಗರಗಸದಿಂದ ಅಲ್ಲ, ಕೂತು.”

“ತಾಯಿಗಿಡ ಕಡಿದವರು ಯಾರು?”

ಎಣ್ಣೆ ಡಬ್ಬಿ ಅವನ ಕೈಯಲ್ಲೇ ನಿಂತಿತು. “ಇದ್ದದ್ದನ್ನಾ? ಅಯ್ಯಯ್ಯೋ. ಗಿಡದಮ್ಮಂಗೆ ಗೊತ್ತಾಯ್ತಾ?”

“ಕಡಿದು ನೀಲಿ ಬಳಿದಿದ್ದಾರೆ.”

“ಹಾಗಾದ್ರೆ ನಾನಲ್ಲ.” ಥಟ್ಟನೆ ಬಂತು ಮಾತು.

“ಕಡಿಯೋದು ನಿನ್ನ ಕೆಲಸ ಅಲ್ವಾ?”

“ಕಡಿಯೋದು ನಂದು. ಬಳಿಯೋದು ನಂದಲ್ಲ.” ಅವನು ಎರಡೂ ಅಂಗೈ ತೋರಿಸಿದ. ಗೆರೆಗೆರೆಯಲ್ಲೂ ಕಪ್ಪು ಎಣ್ಣೆ. “ಈ ಕೈಯಲ್ಲಿ ಬುಡ ಮುಟ್ಟಿದ್ರೆ ವಿಷ ಹಿಡಿಯಲ್ಲ. ಗರಗಸದೋನು ಮುಂದೆ, ಡಬ್ಬಿ ಹಿಡಿದೋರು ಹಿಂದೆ. ಅವರು ಇದನ್ನ ಮುಟ್ಟಲ್ಲ, ನಾನು ಅದನ್ನ ಮುಟ್ಟಲ್ಲ. ಮುಟ್ಟಿದ್ರೆ ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ. ಈಗಲೇ ಹಿತ್ತಲಲ್ಲಿ ನಿಲ್ಲಿಸಿ ನೀರು ಹೊಯ್ತಾಳೆ, ಎಮ್ಮೆಗೆ ಹೊಯ್ದ ಹಾಗೆ. ನಾನೇನಾದ್ರೂ ಕದ್ದು ಕಡಿದ್ರೆ ಮೇಡಂ, ಕಡಿದು ಮುಂದಕ್ಕೆ ಹೋಗಿಬಿಡ್ತೀನಿ. ಹಿಂದೆ ಯಾರೋ ಬಳೀತಾರೆ ಅಂತ. ಅದೇ ಅಭ್ಯಾಸ ನನಗೆ.”

ಅದು ನಿಜವೆಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಸುಳ್ಳು ಹೇಳುವವರು ತಮ್ಮ ದೌರ್ಬಲ್ಯವನ್ನು ಇಷ್ಟು ಉತ್ಸಾಹದಿಂದ ವಿವರಿಸುವುದಿಲ್ಲ.

“ಹೋದ ವರ್ಷ ಎಲೆ ಉದುರೋ ಕಾಲದಲ್ಲಿ ನಿನ್ನ ಹಿಂದೆ ಡಬ್ಬಿ ಹಿಡಿದಿದ್ದು ಯಾರು?”

“ಟೈಲರಮ್ಮ. ನರ್ಸರಿ ಅಕ್ಕನ ತಂಗಿ. ಹೊಲಿಗೆ ಕಮ್ಮಿ ಇದ್ದಾಗ ಬರ್ತಿದ್ರು. ಏನು ಕೈ ಅಂತೀರಿ! ನಾನು ಗರಗಸ ಎತ್ತೋದ್ರೊಳಗೆ ಬಳಿದಾಯ್ತು. ಒಂದು ಸಲ ಊಟದ ಡಬ್ಬಿ ಇಡೋಕೆ ಅಂತ ಒಂದು ಕಡ್ಡಿ ಮುರಿದೆ, ಅದಕ್ಕೂ ಬಳಿದುಬಿಟ್ರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.” ಅವನು ಅವಳ ಮುಖ ನೋಡಿ ನಗು ನಿಲ್ಲಿಸಿದ. “ಯಾಕೆ ಮೇಡಂ, ನಿಮಗೆ ಗೊತ್ತಿರಲಿಲ್ವಾ? ನಿಮ್ಮ ಯೂನಿಫಾರ್ಮ್ ಅವರೇ ಅಲ್ವಾ ಸರಿಮಾಡೋದು?”

*

ಗೊತ್ತಿರಲಿಲ್ಲ.

ಠಾಣೆಯಲ್ಲಿ ಯಾರಿಗೂ ಹೇಳದೆ, ಜೀಪನ್ನೂ ಕರೆಸದೆ, ನಡೆದೇ ಹೊರಟಳು. ಯೋಚಿಸಲು ಸಮಯ ಬೇಕಿತ್ತು. ಈ ಊರಿಗೆ ವರ್ಗವಾಗಿ ಬಂದ ಮೊದಲ ವಾರ ಅವಳ ಕೈಗೆ ಸಿಕ್ಕಿದ ಮೊದಲ ಸ್ನೇಹವೆಂದರೆ ಆ ಟೈಲರಳೇ. ಸೊಂಟದ ಹತ್ತಿರ ಬಿಗಿಯಾಗಿದೆ ಎಂದು ಹೋದವಳು, ಸ್ಟೂಲಿನ ಮೇಲೆ ಕೂತು ಎಷ್ಟೋ ಹೊತ್ತು ಮಾತಾಡಿದ್ದಳು. ಅಳತೆ ಕೊಡುವಾಗ ಎರಡೂ ಕೈ ಅಗಲಿಸಿ ನಿಲ್ಲಬೇಕು. ಆ ಭಂಗಿಯಲ್ಲಿ ಹೆಂಗಸು ಏನನ್ನೂ ಮುಚ್ಚಿಡಲಾರಳು. ಮೈ ಬೆಳೆದದ್ದು, ಮನಸ್ಸು ಇಳಿದದ್ದು ಎಲ್ಲ ಟೇಪಿಗೆ ಗೊತ್ತಾಗುತ್ತದೆ. ಆದರೆ ಅಳತೆ ತೆಗೆಯುವವಳನ್ನು ಯಾರು ಅಳೆಯುತ್ತಾರೆ?

ಆ ಮಾತುಗಳ ನಡುವೆಯೇ ಒಂದು ದಿನ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, “ನನ್ನ ಅಕ್ಕ ಕಾಣ್ತಿಲ್ಲ ಮೇಡಂ,” ಎಂದಿದ್ದಳು ಅವಳು. ದೂರು ಶುರುವಾದದ್ದೇ ಹಾಗೆ. ತನ್ನ ಗಂಡನ ಬಗ್ಗೆ ಹೇಳಿದ್ದು ಒಂದೇ ಮಾತು: “ಎಲ್ಲೋ ದೂರ ಕೆಲಸಕ್ಕೆ ಹೋದ. ಹೋದವನು ಹೋದ.” ಅದನ್ನು ಹೇಳುವಾಗ ಹೊಲಿಗೆ ಒಂದಿಷ್ಟೂ ಸೊಟ್ಟಗಾಗಿರಲಿಲ್ಲ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಒಂದು ಮಿಷನ್, ಒಂದು ಇಸ್ತ್ರಿ ಮೇಜು, ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಶಾಲೆ ಬಟ್ಟೆಗಳು, ಒಳಮನೆಗೆ ಒಂದು ಪರದೆ. ಹುಡುಗಿ ಶಾಲೆಗೆ ಹೋಗಿದ್ದಳು.

“ಬನ್ನಿ ಮೇಡಂ. ಇನ್ನೂ ಬಿಗಿಯಾ? ನೀವು ಸ್ವಲ್ಪ ಊಟ ಕಮ್ಮಿ ಮಾಡಿ, ಇಲ್ಲ ನನಗೆ ಬಟ್ಟೆ ಜಾಸ್ತಿ ಕೊಡಿ.”

“ಮಿಷನ್ ನಿಲ್ಲಿಸು.” ಇನ್ಸ್‌ಪೆಕ್ಟರ್ ಬಾಗಿಲು ಒರಗಿಸಿದಳು.

ಅವಳು ನಿಲ್ಲಿಸಿದಳು. ಆದರೆ ಅದಕ್ಕೆ ಮುಂಚೆ ಹೊಲಿಗೆಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಓಡಿಸಿ, ಕೊನೆ ಭದ್ರ ಮಾಡಿ, ದಾರ ಕತ್ತರಿಸಿದಳು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಬುಡಕ್ಕೆ ಬಳಿದದ್ದೂ ಇದೇ ಕೈ.

ಇನ್ಸ್‌ಪೆಕ್ಟರಿಗೆ ಅಷ್ಟೇ ಸಾಕಾಯಿತು.

“ನೀನು ವಿಷ ಬಳಿಯೋ ಕೆಲಸಕ್ಕೆ ಹೋಗ್ತಿದ್ದದ್ದು ನನಗೆ ಹೇಳಲೇ ಇಲ್ಲ.”

“ನೀವು ಕೇಳಲಿಲ್ಲ.”

“ನಿನ್ನ ಅಕ್ಕ ಗೊರಕೆ ಹೊಡೀತಾಳೆ ಅಂತಾನೂ ನಾನು ಕೇಳಿರಲಿಲ್ಲ. ಹೇಳಿದೆ.”

ಅವಳು ಮಡಿಲಿನಿಂದ ದಾರದ ತುಣುಕೊಂದನ್ನು ಹೆಕ್ಕಿದಳು.

“ತಾಯಿಗಿಡದ ಹತ್ರ ಅಗೀತಿದ್ದಾರೆ ಈಗ.”

ಹೆದರುತ್ತಾಳೆ ಅಂದುಕೊಂಡಿದ್ದಳು. ಹೆದರಲಿಲ್ಲ. ಬಹಳ ದೂರದಿಂದ ಭಾರ ಹೊತ್ತು ಬಂದವಳಿಗೆ ಯಾರೋ ಇಳಿಸು ಎಂದ ಹಾಗೆ ಅವಳ ಭುಜಗಳು ಕೆಳಗಾದವು.

“ಗಿಡ ಒಣಗಿತಾ?” ಎಂದಳು ಮೊದಲು.

“ನದಿವರೆಗೂ.”

“ಒಣಗುತ್ತೆ ಅಂತ ಅಕ್ಕ ಅವತ್ತೇ ಅಂದಿದ್ಲು.”

ಇನ್ಸ್‌ಪೆಕ್ಟರ್ ಸ್ಟೂಲನ್ನು ಹತ್ತಿರ ಎಳೆದು ಕೂತಳು. “ಅಕ್ಕನ್ನ ಅಲ್ಲಿ ಹೂತವಳು ನೀನೇನಾ?”

“ಅಕ್ಕನ್ನಾ?” ಆ ಮನೆಯಲ್ಲಿ ಅವಳ ದನಿ ಮೊದಲ ಸಲ ಏರಿತು. “ಅಕ್ಕ ನನ್ನ ಜೊತೆ ಅಗೆದಳು ಮೇಡಂ! ಜಾಗ ತೋರಿಸಿದ್ದೇ ಅವಳು. ಅಲ್ಲಿರೋದು ನನ್ನ ಗಂಡ.”

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದು ಹೋದರು.

“ಹೇಳು,” ಎಂದಳು ಇನ್ಸ್‌ಪೆಕ್ಟರ್.

ಅವಳು ಎಡತೋಳು ಮೇಲಕ್ಕೆ ಸರಿಸಿದಳು. ಮೊಣಕೈ ಕೆಳಗೆ ತ್ರಿಕೋನದ ಗುರುತು, ನುಣ್ಣಗೆ ಹೊಳೆಯುವಂಥದ್ದು. “ಇದು ಇಸ್ತ್ರಿಪೆಟ್ಟಿಗೆ ಸುಟ್ಟದ್ದು ಅಂತ ನಿಮಗೆ ಹೇಳಿದ್ದೆ. ಸುಳ್ಳಲ್ಲ. ಅವನು ಒತ್ತಿ ಹಿಡಿದಿದ್ದ ಅಂತ ಹೇಳಲಿಲ್ಲ, ಅಷ್ಟೇ. ಅವತ್ತು ಮಧ್ಯಾಹ್ನ ಅಕ್ಕನ ಹತ್ರ ಓಡಿದೆ. ಇವತ್ತು ಒಂದು ಅವನಿರಬೇಕು, ಇಲ್ಲ ನಾನಿರಬೇಕು ಅಂದೆ. ಅವಳು ಗಾಯಕ್ಕೆ ಬಟ್ಟೆ ಕಟ್ಟಿ ಮನೆಗೆ ಕಳಿಸಿದ್ಲು. ಸಂಜೆ ಫೋನ್ ಮಾಡಿ, ತಕ್ಷಣ ಬಾ ಅಂದಳು. ಹೋದ್ರೆ ನರ್ಸರಿಯ ಸಸಿಮನೆಯಲ್ಲಿ ಅವನು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಅಕ್ಕ ಗುದ್ದಲಿ ಹಿಡಿದು ನಿಂತಿದ್ಲು. ಏನೂ ಹೇಳಲಿಲ್ಲ. ‘ಕಾಲು ಹಿಡ್ಕೊ’ ಅಂದ್ಲು. ಹಿಡ್ಕೊಂಡೆ.”

“ಗಿಡ?”

“ಗುಂಡಿಗೆ ಅಡ್ಡ ಬಂತು ಅಂತ ಅಕ್ಕ ಕೈಗರಗಸದಲ್ಲಿ ಕೊಯ್ದಳು. ಡಬ್ಬಿ ನಾನು ಯಾವಾಗ ಎತ್ತಿಕೊಂಡೆ ಅಂತ ನನಗೇ ಗೊತ್ತಿಲ್ಲ ಮೇಡಂ. ಸಸಿಮನೆ ಬಾಗಿಲಲ್ಲೇ ಇರ್ತಿತ್ತು ಅದು. ಬಳಿದು ಮುಗಿದ ಮೇಲೆ ಅಕ್ಕ ನೋಡಿದ್ಲು. ಅಲ್ಲೀತನಕ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಆಗ ಅತ್ತಳು. ‘ಅಯ್ಯೋ ಪಾಪಿ, ನನ್ನ ಗಿಡಕ್ಕೆ ಬಳಿದುಬಿಟ್ಟೆಯಲ್ಲೇ’ ಅಂತ. ಪಕ್ಕದಲ್ಲಿ ಮನುಷ್ಯ ಸತ್ತು ಬಿದ್ದಿದ್ದಾನೆ, ಇವಳು ಗಿಡಕ್ಕೆ ಅಳ್ತಾಳೆ. ನನಗೆ ನಗು ಬಂತು. ಆಮೇಲೆ ಅವಳಿಗೂ ಬಂತು. ದೇವರಾಣೆ, ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.”

ಅವಳು ಈಗ ನಗುತ್ತಿರಲಿಲ್ಲ.

“ಅಂದ್ರೆ ನಿನ್ನ ಗಂಡನ್ನ ಕೊಂದದ್ದು ನಿನ್ನ ಅಕ್ಕ.”

“ನಾನೂ ಹಾಗೇ ಅಂದ್ಕೊಂಡಿದ್ದೆ.”

ಇನ್ಸ್‌ಪೆಕ್ಟರ್ ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಫೋನು ಸದ್ದು ಮಾಡಿತು. ಗಿಡದಮ್ಮ. ಏದುಸಿರು.

“ಮೇಡಂ, ತಳ ಮುಟ್ಟಿದ್ವಿ. ಏನೂ ಇಲ್ಲ. ಗುಂಡಿ ಖಾಲಿ.”

“ಖಾಲಿ?”

“ಆದ್ರೆ ಕೇಳಿ. ಇದನ್ನ ಎರಡು ಸಲ ಅಗೆದಿದ್ದಾರೆ. ಕಡಿದ ಬೇರುಗಳನ್ನ ನೋಡ್ತಿದ್ದೀನಿ. ಕೆಲವು ಗಾಯ ಹಳೇವು, ತುದಿ ಕಪ್ಪಾಗಿ, ಮಾಯ್ದು ಗಂಟು ಕಟ್ಟಿದೆ. ಇನ್ನು ಕೆಲವು ಆಮೇಲಿನವು, ಗಿಡ ಸಾಯೋಕೆ ಶುರುವಾದ ಮೇಲೆ ಆದದ್ದು. ಅವು ಗಂಟು ಕಟ್ಟೇ ಇಲ್ಲ. ಯಾರೋ ಏನೋ ಹೂತಿದ್ದಾರೆ. ಆಮೇಲೆ ಇನ್ಯಾರೋ ಬಂದು ತೆಗೆದುಕೊಂಡು ಹೋಗಿದ್ದಾರೆ. ತೆಗೆದದ್ದು ಕಾಣಬಾರದು ಅಂತ ಚಕ್ಕೆ ಸುರಿದಿದ್ದಾರೆ.”

“ದಫೇದಾರರಿಗೆ ಕೊಡಿ ಫೋನು.”

“ಅವರಿಲ್ಲ. ಆವಾಗಿಂದ ಮುಚ್ಚಿಬಿಡೋಣ, ಮುಚ್ಚಿಬಿಡೋಣ ಅಂತಿದ್ರು. ನಾನು ಎರಡು ಸಲ ಅಗೆದಿದ್ದಾರೆ ಅಂತ ಪೇದೆಗಳಿಗೆ ತೋರಿಸ್ತಿದ್ದ ಹಾಗೇ ಜೀಪು ತಗೊಂಡು ಹೋದ್ರು. ನಿಮ್ಮ ಹತ್ರ ಬಂದಿಲ್ವಾ?”

ಫೋನನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ್ ಎದುರಿನವಳನ್ನು ನೋಡಿದಳು. “ಗುಂಡಿಯಲ್ಲಿ ನಿನ್ನ ಗಂಡ ಇಲ್ಲ.”

ಹೆದರಿಕೆ ಈಗ ಬಂತು. ಅವಳು ಎದ್ದು ನಿಂತಳು. ಮಡಿಲಲ್ಲಿದ್ದ ಬಟನ್ನು, ಕತ್ತರಿ, ಸೀಮೆಸುಣ್ಣ ಎಲ್ಲ ನೆಲಕ್ಕೆ ಬಿದ್ದವು. “ಹಾಗಾದ್ರೆ ಅಕ್ಕ ಹೇಳಿದ್ದು ಸರಿ. ಇನ್ನೊಬ್ಬರಿದ್ರು.”

“ಯಾವಾಗ ಹೇಳಿದ್ಲು?”

“ಮಾರನೇ ದಿನ ಸಂಜೆ. ಫೋನ್ ಮಾಡಿ, ‘ಯಾತರಲ್ಲಿ ಹೊಡೆದೆ, ಅದನ್ನೂ ಎಲ್ಲಾದ್ರೂ ಬಿಸಾಕಬೇಕಲ್ಲ’ ಅಂದ್ಲು. ನಾನೆಲ್ಲಿ ಹೊಡೆದೆ, ನೀನಲ್ವಾ ಅಂದೆ. ಅವಳು ಸಸಿಮನೆಗೆ ಹೋಗೋ ಹೊತ್ತಿಗೇ ಅವನು ಸತ್ತು ಬಿದ್ದಿದ್ದ ಮೇಡಂ. ನಾನು ಮಾಡಿದ್ದು ಅಂದ್ಕೊಂಡು ನನ್ನನ್ನ ಉಳಿಸೋಕೆ ಗುದ್ದಲಿ ಹಿಡಿದ್ಲು. ಅವಳು ಮಾಡಿದ್ದು ಅಂದ್ಕೊಂಡು ನಾನು ಕಾಲು ಹಿಡಿದೆ. ಇಬ್ಬರೂ ಕೇಳಲೇ ಇಲ್ಲ. ಕೇಳಿದ್ರೆ ಅವಳು ಬಾಯಿಬಿಟ್ಟು ಹೇಳಬೇಕಾಗುತ್ತಲ್ಲ, ಪಾಪ ಅಂತ.”

ಇನ್ಸ್‌ಪೆಕ್ಟರ್ ಇಷ್ಟು ವರ್ಷದ ನೌಕರಿಯಲ್ಲಿ ದ್ವೇಷಕ್ಕೆ ಮಾಡಿದ ಅಪರಾಧಗಳನ್ನು ಕಂಡಿದ್ದಳು, ಆಸೆಗೆ ಮಾಡಿದ್ದನ್ನು ಕಂಡಿದ್ದಳು. ಪ್ರಶ್ನೆ ಕೇಳದಿರುವುದೇ ಪ್ರೀತಿಯೆಂದು ಇಬ್ಬರು ಹೆಂಗಸರು ಒಂದು ಹೆಣವನ್ನು ಹೊತ್ತದ್ದನ್ನು ಕಂಡಿರಲಿಲ್ಲ. ಆದರೂ ಅದು ಅವಳಿಗೆ ಅಪರಿಚಿತ ಅನ್ನಿಸಲಿಲ್ಲ. ಅವಳ ಅಮ್ಮ ಚಿಕ್ಕಮ್ಮಂದಿರೆಲ್ಲ ಒಬ್ಬರನ್ನೊಬ್ಬರು ಕೇಳದೆಯೇ ಬದುಕು ಮುಗಿಸಿದ್ದರು.

“ಆಮೇಲೆ ಏನಂದ್ಲು ಅಕ್ಕ?”

“ಆಮೇಲೆ, ‘ಹಾಗಾದ್ರೆ ಯಾರು ಅಂತ ನನಗೆ ಗೊತ್ತಾಯ್ತು’ ಅಂದ್ಲು. ಯಾರೇ ಅಂದೆ. ಹೇಳಲಿಲ್ಲ. ‘ಬಾಗಿಲು ಹಾಕ್ಕೊಂಡಿರು. ಯಾರು ಬಂದ್ರೂ ತೆಗೀಬೇಡ. ಪೊಲೀಸರು ಬಂದ್ರೂ’ ಅಂದ್ಲು. ಅವಳ ದನಿ ನಾನು ಕೇಳಿದ್ದು ಅದೇ ಕೊನೆ.”

ಪೊಲೀಸರು ಬಂದರೂ. ಇನ್ಸ್‌ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

“ಅದಕ್ಕೇ ಚಳಿಗಾಲ ಪೂರ್ತಿ ಬಾಯಿ ಹೊಲಿದುಕೊಂಡಿದ್ದೆ. ಆ ಠಾಣೆಯಲ್ಲಿ ಯಾರಿಗೆ ಅಂತ ಹೇಳಲಿ? ನೀವು ಬೇರೆ ಕಡೆಯಿಂದ ಹೊಸದಾಗಿ ಬಂದ್ರಿ. ಈ ಸ್ಟೂಲ್ ಮೇಲೆ ಕೂತು ಸೊಂಟ ಬಿಗಿ ಅಂದ್ರಿ. ಇವರಿಗೆ ಹೇಳಬಹುದು ಅನ್ನಿಸ್ತು. ಅಕ್ಕನ್ನ ಹುಡುಕಲಿ, ಗುಂಡಿ ಮಾತ್ರ ಸಿಗದೆ ಇರಲಿ ಅಂತ ಆಸೆಪಟ್ಟೆ. ನೀವು ಹುಡುಕೋಕೆ ಮುಂಚೆ ದಫೇದಾರ್ರು ಬಾವನ್ನ ಎಳಕೊಂಡು ಹೋದ್ರು.”

“ಆಗಲಾದ್ರೂ ಹೇಳಬಾರದಿತ್ತಾ? ಆ ಮನುಷ್ಯ ನಾಳೆ—”

“ಗೊತ್ತು. ಅವನ ಮಗಳು ದಿನಾ ನನ್ನ ಪಕ್ಕದಲ್ಲಿ ಮಲಗಿ ಕೇಳ್ತಾಳೆ, ಅಪ್ಪ ಯಾವಾಗ ಬರ್ತಾರೆ ಚಿಕ್ಕಮ್ಮ ಅಂತ. ನಾಳೆ ಅಂತೀನಿ. ಅವಳು ಲೆಕ್ಕ ಇಟ್ಟುಕೊಳ್ಳೋದನ್ನ ಬಿಟ್ಟುಬಿಟ್ಟಿದ್ದಾಳೆ.” ಅವಳು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು, ಅಳತೆ ಕೊಡುವವಳ ಹಾಗೆ. “ನನ್ನನ್ನ ಹಿಡ್ಕೊಳ್ಳಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ, ನಿಂತು ಹೇಳ್ತೀನಿ. ಬಾವನ್ನ ಇವತ್ತೇ ಬಿಡಿ. ಆ ಹುಡುಗಿ ಶಾಲೆಯಿಂದ ಬರೋ ಹೊತ್ತಿಗೆ ಮನೆಯಲ್ಲಿ ಯಾರಾದ್ರೂ ಇರಬೇಕು. ಆದ್ರೆ ಅಕ್ಕನ್ನ ಹೆಣ ಅಂತ ಹುಡುಕಬೇಡಿ ಮೇಡಂ. ಬದುಕಿದ್ದಾಳೆ ಅಂತ ಹುಡುಕಿ. ಅಷ್ಟು ಮಾಡ್ತೀರಾ?”

ಇನ್ಸ್‌ಪೆಕ್ಟರ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಮಾಡುತ್ತೇನೆ ಎನ್ನಲು ಬಾಯಿ ತೆರೆದಳು.

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು.

ಬೂಟುಗಳು ಮೆಟ್ಟಿಲು ಹತ್ತಿದವು, ಅವಸರವಿಲ್ಲದೆ. ಬಾಗಿಲ ಮೇಲೆ ಬೆರಳಿನಿಂದ ಹಗುರಾಗಿ ತಟ್ಟಿದ ಸದ್ದು.

“ಟೈಲರಮ್ಮ, ಇದ್ದೀಯಾ?” ಯಾರ ಮೇಲೂ ಏರದ ಅದೇ ದನಿ. “ಒಂದು ಸಣ್ಣ ಹೊಲಿಗೆ ಕೆಲಸ ಇತ್ತು.”

ಟೈಲರಳ ಕಣ್ಣು ಬಾಗಿಲಿನ ಮೇಲಿತ್ತು. ಬಾಗಿಲು ಒರಗಿತ್ತು ಅಷ್ಟೇ, ತಳ್ಳಿದರೆ ತೆರೆಯುತ್ತಿತ್ತು. ತಾನು ಇಲ್ಲಿಗೆ ಬಂದದ್ದು ಅವನಿಗೆ ತಿಳಿಯುವ ದಾರಿಯೇ ಇಲ್ಲ ಎಂದು ಇನ್ಸ್‌ಪೆಕ್ಟರ್ ನೆನೆದಳು. ಅಂದರೆ ಅವನು ಹುಡುಕಿಕೊಂಡು ಬಂದದ್ದು ತನ್ನನ್ನಲ್ಲ.

ಅವಳು ತುದಿಗಾಲಲ್ಲಿ ಎದ್ದು ಹೋದಳು. ಬಾಗಿಲಿಗೆ ಭುಜ ಕೊಟ್ಟು, ತನ್ನದೇ ಠಾಣೆಯ ದಫೇದಾರನ ಮುಖಕ್ಕೆ, ಒಳಗಿನಿಂದ ಚಿಲಕ ಹಾಕಿದಳು.

ಹೊರಗೆ ಅದೇ ಮೆತ್ತಗಿನ ದನಿ, ಈ ಸಲ ಹಲಗೆಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ:

“ಮೇಡಂ?”